ಕಡಿಯೋ ಮೊದಲು ಒಂದು ಕಡ್ಡಿ

ಹಿತ್ತಲ ಗಿಡ ಹಂಚಿನ ಮೇಲೆ ವಾಲಿದರೆ ನಮಗೆ ಮೊದಲು ನೆನಪಾಗುವುದು ಕೊಡಲಿ. ತಿಳವಳ್ಳಿಯ ಗುದ್ಲೆಪ್ಪನಿಗೂ ಹಾಗೇ ಆಯಿತು. ಹಳೇ ಮಾವಿನ ಗಿಡ ಕಡಿಯಲು ಆಳುಗಳಿಗೆ ಹೇಳಿಯೇಬಿಟ್ಟ.

ಸುದ್ದಿ ಕೇಳಿ ಅಕ್ಕಿಆಲೂರಿನಿಂದ ಅವನ ಅಕ್ಕ ಶಿವಬಸವ್ವ ಓಡಿ ಬಂದಳು. ಜೊತೆಗೆ ಓಣಿಯ ಗೆಳತಿ ಗೌಹರ. ಗೌಹರ ಘಟ್ಟದ ಕೆಳಗಿನ ರಬ್ಬರ್ ನರ್ಸರಿಯಲ್ಲಿ ಹಲವು ವರ್ಷ ಕಸಿ ಕಟ್ಟಿದವಳು.

"ತಮ್ಮಾ, ಅವ್ವ ಅಂತೂ ಇಲ್ಲ. ಅಕಿ ತಿನ್ನಿಸಿದ ಹಣ್ಣಿನ ಗಿಡಾನೂ ಇಲ್ಲಂದ್ರ ನಾ ತವರಿಗೆ ಯಾಕ ಬರ್ಲಿ?" ಶಿವಬಸವ್ವನ ಕಣ್ಣು ತುಂಬಿತು.

"ಅಳಬ್ಯಾಡ ಅಕ್ಕಾ. ಹಣ್ಣು ತಿಂದು ಉಳಿದ ಒಂದು ವಾಟಿ ಒಯ್ದು ಹಚ್ಚು, ಅಂಥಾದ ಗಿಡ ಬರ್ತೈತಿ."

"ಮದುವಿ ಆದ ವರ್ಷನ ಹಚ್ಚಿದ್ದೆ. ಗಿಡ ಬಂತು, ಹಣ್ಣೂ ಬಂತು. ಬಾಯಾಗ ಇಟ್ರ ಬರೇ ಹುಳಿ. ಅವತ್ತ ಹಿತ್ತಲದಾಗ ಕುಂತು ಅತ್ತೆ."

ಗೌಹರ ಹೇಳಿದಳು: "ವಾಟಿಯಿಂದ ಬಂದ ಗಿಡ ತಾಯಿಗಿಡದಂಗ ಇರ್ತೈತಿ ಅನ್ನೂ ಖಾತ್ರಿ ಇಲ್ರಿ ಅಣ್ಣಾ. ಇದರ ಕಡ್ಡಿ ತಗದು ಬ್ಯಾರೆ ಸಸಿಗೆ ಕಸಿ ಕಟ್ಟಿದ್ರ ಅದ ಜಾತಿ, ಅದ ರುಚಿ. ಆದ್ರ ಕಡ್ಡಿ ತಗ್ಯೂತನಕ ಗಿಡ ಜೀವಂತ ಇರಬೇಕು."

ಗುದ್ಲೆಪ್ಪ ನಕ್ಕ. "ಈ ಹಳೇದು ಯಾರಿಗೆ ಬೇಕು ತಂಗಿ? ಆಪೂಸ ಮಾವು ಹಚ್ಚತೇನಿ. ಎಲ್ಲಾರೂ ಅದನ್ನ ಹಚ್ಚ್ಯಾರ."

"ಅದಕ್ಕ ನನಗ ಅಂಜಿಕಿ. ನಾ ದುಡಿಯೂ ಕಡೆ ರಬ್ಬರ್ ತೋಟದ ತುಂಬ ಒಂದ ತಳಿ ಇತ್ರಿ. ಎಲಿ ರೋಗ ಬಂದು ಗುಡ್ಡಕ್ಕ ಗುಡ್ಡನ ಬೋಳಾತು. ಆಮ್ಯಾಲೆ ರೋಗ ತಡಿಯೂ ಹಳೇ ಗಿಡ ಎಲ್ಲೈತಿ ಅಂತ ಹುಡುಕಾಕ ಹತ್ತಿದ್ರು. ಹೊಸ ತಳಿ ಮಾಡಾಕ ಹಳೇ ತಳೀನ ಬೇಕ್ರಿ. ಕಡಿದವರು ಎಲ್ಲಿಂದ ಕೊಡ್ತಾರ?"

ಗುದ್ಲೆಪ್ಪ ಗಿಡದ ಹತ್ತಿರ ಹೋಗಿ ಅದರ ಬೊಡ್ಡೆಯ ಮೇಲೆ ಕೈ ಇಟ್ಟ. ಆಮೇಲೆ ಅಂದ: "ಅಕ್ಕಾ, ಅವ್ವ ನಿನಗ ಹಣ್ಣು ಕೊಟ್ಟು ನನಗ ವಾಟಿ ಕೊಡ್ತಿದ್ಲು. ಆ ವಾಟಿ ಚೀಪಿದ ರುಚಿ ಈಗೂ ಬಾಯಾಗ ಐತಿ."

ಹಂಚಿಗೆ ತಾಗಿದ ಟೊಂಗೆಯನ್ನಷ್ಟೇ ಕಡಿಸಿದ. ಗೌಹರ ಬಲಿತ ಕಡ್ಡಿಗಳನ್ನು ಆರಿಸಿ, ಹಸಿ ಬಟ್ಟೆಯಲ್ಲಿ ಸುತ್ತಿ ಒಯ್ದು, ಸಸಿಗಳಿಗೆ ಕಸಿ ಕಟ್ಟಿದಳು. ಒಂದು ಶಿವಬಸವ್ವನ ಅಂಗಳದಲ್ಲಿ ಚಿಗುರಿದೆ, ಇನ್ನೊಂದು ಗುದ್ಲೆಪ್ಪನ ಹೊಲದ ಬದುವಿನಲ್ಲಿ. ಹಣ್ಣಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಕಾಯುವುದು ಶಿವಬಸವ್ವನಿಗೆ ಹೊಸದೇನಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ರುಚಿಗೆ ಹೆಸರಾದ, ರೋಗಕ್ಕೆ ಜಗ್ಗದ ಹಳೇ ಗಿಡ ಇರಬಹುದು. ಕಡಿಸುವ ಮೊದಲು ಕಸಿ ಕಟ್ಟುವವರನ್ನು ಕರೆಯಿರಿ. ತೋಟಗಾರಿಕೆ ಇಲಾಖೆಗೂ ತಿಳಿಸಿ. ಹೋದ ಅವ್ವನನ್ನು ಯಾರೂ ತಂದುಕೊಡಲಾರರು. ಅವಳು ತಿನ್ನಿಸಿದ ಹಣ್ಣನ್ನಾದರೂ ಮೊಮ್ಮಕ್ಕಳ ಬಾಯಿಗೆ ಮುಟ್ಟಿಸೋಣ.