ಕುಮುದ್ವತಿಗೆ ಹದಿನೇಳರ ಮಗ್ಗಿ

ಕುಮುದ್ವತಿ ಎರಡು ಬಾರಿ ನಪಾಸಾಗಿದ್ದಳು. ಶುಕ್ರವಾರದ್ದು ಮೂರನೆಯದು, ಮತ್ತು ಕೊನೆಯದು.

ಅವಳು ಶಿವಮೊಗ್ಗದ ಪೊಲೀಸ್ ಶ್ವಾನದಳಕ್ಕೆ ಬರುವ ಹೊತ್ತಿಗೆ ತುಂಗೆ, ಭದ್ರೆ, ಶರಾವತಿ ಎಂಬ ಹೆಸರುಗಳನ್ನೆಲ್ಲ ಹಿರಿಯ ನಾಯಿಗಳು ಹಂಚಿಕೊಂಡಾಗಿತ್ತು. ಉಳಿದ ನದಿಯ ಹೆಸರು ಈ ಕಪ್ಪು ಲ್ಯಾಬ್ರಡಾರಿನ ಪಾಲಿಗೆ ಬಂತು. ಅಷ್ಟುದ್ದ ಕೂಗಲಾರದೆ ಎಲ್ಲರೂ ಕುಮುದಿ ಎಂದರು. ಎರಡು ವರ್ಷ ಕೈಯಾರೆ ಉಣಿಸಿ ಪಳಗಿಸಿದ ಹೆಡ್ ಕಾನ್‌ಸ್ಟೆಬಲ್ ಯೋಗೇಶ್ ಮಾತ್ರ ಸಿಟ್ಟು ಬಂದಾಗ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದ.

ಪರೀಕ್ಷೆ ಕೇಳುವುದಕ್ಕೆ ಸುಲಭ. ನಾಯಿಗೆ ಒಂದು ಕರವಸ್ತ್ರ ಮೂಸಿಸುತ್ತಾರೆ. ಎಂಟು ಮಂದಿ ಸಾಲಾಗಿ ನಿಲ್ಲುತ್ತಾರೆ. ಕರವಸ್ತ್ರ ಯಾರದೋ ಅವರೆದುರು ನಾಯಿ ಕುಳಿತುಕೊಳ್ಳಬೇಕು. ಶಿವಮೊಗ್ಗದ ಮೈದಾನದ ಅಭ್ಯಾಸದಲ್ಲಿ ಕುಮುದಿ ನೂರಕ್ಕೆ ನೂರು. ಪರೀಕ್ಷಕರು ಎದುರಿದ್ದರೆ ಮಾತ್ರ ಯೋಗೇಶನ ಮುಖವನ್ನೇ ನೋಡುತ್ತ ನಡೆದು, ಸಂಬಂಧವೇ ಇಲ್ಲದವರ ಮುಂದೆ ಕುಳಿತುಬಿಡುತ್ತಿದ್ದಳು. ಮತ್ತೆ ಹೀಗಾದರೆ ಅವಳನ್ನು ದಳದಿಂದ ತೆಗೆದು ಯಾರಿಗಾದರೂ ಸಾಕಲು ಕೊಡುತ್ತಾರೆ. ಯೋಗೇಶನಿಗೆ ಗೋಪಿ ಸರ್ಕಲ್ಲಿನಲ್ಲಿ ಟ್ರಾಫಿಕ್ ಡ್ಯೂಟಿ. ಟ್ರಾಫಿಕ್ಕಿಗೆ ಅವನು ಹೆದರುವವನಲ್ಲ. ಬೆಳಗಿನ ಐದೂವರೆಗೆ ಗೂಡಿನ ಬಾಗಿಲು ತೆರೆದಾಗ ಎದೆಯ ಮೇಲೆ ಎರಡು ಕಾಲೂರಿ ಮುಖ ನೆಕ್ಕುವ ಜೀವ ಅಲ್ಲಿರುವುದಿಲ್ಲವಲ್ಲ, ಅವನು ಹೆದರಿದ್ದು ಅದಕ್ಕೆ.

ಗುರುವಾರ ಸಂಜೆ ಕೊನೆಯ ಅಭ್ಯಾಸ. ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿರುವ ಹೆಂಡತಿ ದಿವ್ಯಶ್ರೀ ಕ್ವಾರ್ಟರ್ಸಿನಿಂದ ಕಾಫಿ ತಂದವಳು ಬೇವಿನ ಮರದಡಿ ಕುಳಿತು ನೋಡಿದಳು. ಮೂರು ಸುತ್ತು ನಡೆಯಿತು. ಮೂರರಲ್ಲೂ ಕುಮುದಿ ತಪ್ಪಲಿಲ್ಲ.

"ನೋಡಿದ್ಯಾ?" ಎಂದ ಯೋಗೇಶ್, ಎದೆಯುಬ್ಬಿಸಿ.

"ನೋಡ್ದೆ. ಇಲ್ಲೇ ಕೂತು ನಾನೂ ಮೂರೂ ಸರಿಯಾಗಿ ಹೇಳ್ದೆ."

"ನೀನ್ಯಾವಾಗ ಕರವಸ್ತ್ರ ಮೂಸಿದೆ ಮಾರಾಯ್ತಿ?"

"ಮೂಸೋದ್ಯಾಕೆ? ನಿಮ್ಮನ್ನ ನೋಡಿದ್ರೆ ಸಾಕು. ಯಾರ ಕರವಸ್ತ್ರ ತಗೋಬೇಕು ಅಂತ ಇಲ್ಲಿ ಆರಿಸೋದು ನೀವೇ ತಾನೆ? ಆ ಮನುಷ್ಯ ಹತ್ರ ಬರ್ತಿದ್ದಂಗೆ ಉಸಿರು ಬಿಗಿಹಿಡಿತೀರಿ. ಕೈಯಲ್ಲಿರೋ ಹಗ್ಗಾನೂ ಬಿಗಿಯಾಗುತ್ತೆ. ಅವಳು ಕೂತ್ಕೋತಾಳೆ. ಪುಗಸಟ್ಟೆ ಉತ್ತರ ಸಿಗೋವಾಗ ಅವಳ್ಯಾಕ್ರೀ ಮೂಗು ಸವೆಸ್ಬೇಕು? ಪರೀಕ್ಷೇಲಿ ಯಾರದು ಅಂತ ನಿಮಗೇ ಗೊತ್ತಿರಲ್ಲ, ನಿಮಗೆ ಯಾರ ಮೇಲೆ ಅನುಮಾನವೋ ಅವರ ಮುಂದೆ ಕೂರ್ತಾಳೆ."

"ನಾನು ಹಂಗೆಲ್ಲ ಮಾಡಲ್ಲ."

"ಡಾಕ್ಟ್ರು ಸಿಹಿ ಮುಟ್ಟಬೇಡಿ ಅಂದ್ಮೇಲೂ ಅಕ್ಕಿ ಡಬ್ಬದಲ್ಲಿ ಮೈಸೂರ್‌ಪಾಕ್ ಬಚ್ಚಿಟ್ಟಿದ್ರಲ್ಲ, ಹೇಗೆ ಹಿಡಿದೆ ಅಂದ್ಕೊಂಡ್ರಿ? ಅಡುಗೆಮನೇಲಿ ಸುಮ್ನೆ ಓಡಾಡ್ದೆ. ಡಬ್ಬದ ಹತ್ರ ಹೋದಾಗ ನೀವು ಉಸಿರಾಡೋದನ್ನೇ ನಿಲ್ಲಿಸಿದ್ರಿ."

ಯೋಗೇಶನಿಗೆ ಕುಡಿದ ಕಾಫಿ ನೆತ್ತಿಗೇರಿತು. ಹೆಂಡತಿಯ ಮೂಗು ಯಾವ ಪೊಲೀಸ್ ನಾಯಿಯದಕ್ಕಿಂತಲೂ ಚುರುಕೆಂದು ಅವನು ಹನ್ನೊಂದು ವರ್ಷದಿಂದ ನಂಬಿಕೊಂಡು ಬಂದಿದ್ದ.

"ಈಗೇನ್ಮಾಡ್ಲಿ?"

"ನಾಳೆ ತಲೆ ಖಾಲಿ ಇಟ್ಕೊಳ್ಳಿ. ನಿಮಗೇನು ಕಷ್ಟ ಅಲ್ಲ ಅದು."

"ದಿವ್ಯಾ!"

"ಸರಿ, ಹದಿನೇಳರ ಮಗ್ಗಿ ಹೇಳ್ಕೊಳ್ಳಿ. ನಿಮಗದು ಇವತ್ತಿಗೂ ನೆಟ್ಟಗೆ ಬರಲ್ಲ. ಹೇಳ್ತಾ ಇದ್ರೆ ಬೇರೆ ಯೋಚ್ನೆಗೆ ಜಾಗಾನೇ ಇರಲ್ಲ."

ಶುಕ್ರವಾರ ಪರೀಕ್ಷೆ ನಡೆಯಬೇಕಿದ್ದ ಭದ್ರಾವತಿಯ ನ್ಯೂಟೌನಿನ ಮೈದಾನದಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಶಾಮಿಯಾನದ ನೆರಳಿನಲ್ಲಿ ಮೇಜು, ಮೇಜಿನ ಮೇಲೆ ಹಬೆಯಾಡುವ ಬೋಂಡಾದ ತಟ್ಟೆ. ಅದರ ಹಿಂದೆ ಪರೀಕ್ಷಕ ಷಡಕ್ಷರಪ್ಪನವರು. ಅವರು ನಕ್ಕದ್ದನ್ನು ಕಂಡವರು ಇಲಾಖೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಅಂಕ ಬರೆದುಕೊಳ್ಳಲು ಕುಳಿತ ಗುಮಾಸ್ತ ಜ್ಞಾನೇಶ್.

ಕುಮುದಿ ಕರವಸ್ತ್ರ ಮೂಸಿದಳು. ಸಾಲು ಆರಂಭವಾಯಿತು.

ಒಂದನೆಯವನು ಹೋದ, ಎರಡನೆಯವನು, ಮೂರನೆಯವನು. ಐದನೆಯ ಜಾಗದಲ್ಲಿ ನಿಂತಿದ್ದವನು ಹೊಸ ಕಾನ್‌ಸ್ಟೆಬಲ್ ಸುದೀಪ್. ಅವನ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖ! ಇವನದೇ ಕರವಸ್ತ್ರ, ಅನುಮಾನವೇ ಇಲ್ಲ ಎಂದುಕೊಂಡ ಯೋಗೇಶ್. ಅಷ್ಟರಲ್ಲಿ ಹಗ್ಗ ಬಿಗಿಯಾಗಿತ್ತು. ಕುಮುದಿ ಗಕ್ಕನೆ ನಿಂತು ಯೋಗೇಶನ ಮುಖ ನೋಡಿದಳು. ಹಿಂಗಾಲು ಮಡಿಸತೊಡಗಿದಳು.

ಅಯ್ಯೋ, ಇದೇ ಅಲ್ಲವೇ ದಿವ್ಯಾ ಹೇಳಿದ್ದು!

"ಹದಿನೇಳೊಂದ್ಲ ಹದಿನೇಳು!" ಗಾಬರಿಯಲ್ಲಿ ಮಗ್ಗಿ ಬಾಯಿಂದ ಜೋರಾಗಿಯೇ ಹೊರಬಿತ್ತು. "ಹದಿನೇಳೆರಡ್ಲ ಮೂವತ್ನಾಲ್ಕು..."

"ಏನ್ರೀ ಅದು, ಮಂತ್ರಾನಾ?" ಎಂದರು ಷಡಕ್ಷರಪ್ಪನವರು.

"ಮಗ್ಗಿ ಸಾರ್. ಹದಿನೇಳ್ಮೂರ್ಲ ಐವತ್ತೊಂದು..."

ಹಗ್ಗ ಸಡಿಲವಾಯಿತು. ಅವನ ಮುಖದಲ್ಲಿ ಈಗ ಓದಿಕೊಳ್ಳಲು ಮಗ್ಗಿಯ ಹೊರತು ಏನೂ ಇರಲಿಲ್ಲ. ಕುಮುದಿ ಒಂದು ಕ್ಷಣ ಪೆಚ್ಚಾದಳು. ಆಮೇಲೆ, ಮನೆಯವರು ಊಟ ಬಡಿಸುವುದಿಲ್ಲವೆಂದು ಖಚಿತವಾದ ಮೇಲೆ ತಾವೇ ತಟ್ಟೆ ತೆಗೆದುಕೊಳ್ಳುವವರಂತೆ, ಮೂಗನ್ನು ನೆಲಕ್ಕಿಳಿಸಿದಳು. ಸುದೀಪನನ್ನು ದಾಟಿದಳು. ಆರು, ಏಳು, ಎಂಟು. ಎಲ್ಲಿಯೂ ಕೂರಲಿಲ್ಲ. ಸಾಲು ಮುಗಿಯಿತು.

ಅವಳ ನಡಿಗೆ ಮುಗಿಯಲಿಲ್ಲ. ತಿರುಗಿ, ನೇರವಾಗಿ ಶಾಮಿಯಾನದತ್ತ ಎಳೆದಳು.

"ಬೋಂಡಾ ಕಣ್ರೋ!" ಎಂದು ಸಾಲಿನಿಂದ ಯಾರೋ ಕೂಗಿದರು. ನಗೆಯೆದ್ದಿತು. ಯೋಗೇಶನ ಬೆರಳುಗಳು ಹಗ್ಗದ ಮೇಲೆ ತಾವಾಗಿಯೇ ಬಿಗಿಯಹೊರಟವು. ಒಂದು ಎಳೆತ ಸಾಕು, ಅವಳು ಸಾಲಿಗೆ ಮರಳುತ್ತಾಳೆ. ಎಳೆಯದೆ ಬಿಟ್ಟರೆ ಪರೀಕ್ಷಕರ ಬೋಂಡಾಕ್ಕೆ ಬಾಯಿ ಹಾಕಿದ ಪೊಲೀಸ್ ನಾಯಿಯೆಂದು ಜಿಲ್ಲೆಯಿಡೀ ಹೆಸರಾಗುತ್ತದೆ. ಎರಡು ವರ್ಷ ಅವಳು ತನ್ನ ಮುಖವನ್ನು ನಂಬಿದ್ದಳು. ತಾನು ಅವಳ ಮೂಗನ್ನು ಎಷ್ಟು ಸಲ ನಂಬಿದ್ದೆ?

"ಹದಿನೇಳೇಳ್ಲ..." ಏನದು? ಏನಾದರಾಗಲಿ! ಅವನು ಬೆರಳು ಸಡಿಲಿಸಿ ಅವಳ ಹಿಂದೆ ಓಡಿದ.

ಕುಮುದಿ ಮೇಜಿನ ಬಳಿ ಬಂದಳು. ತಟ್ಟೆ ಅವಳ ಮೂಗಿನಿಂದ ಒಂದು ಗೇಣು. ಕತ್ತು ತಿರುಗಿಸದೆ ಅದನ್ನು ದಾಟಿ, ಗುಮಾಸ್ತ ಜ್ಞಾನೇಶನ ಮುಂದೆ ಬಾಲವನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡು ಕುಳಿತಳು.

ಜ್ಞಾನೇಶ್ ಪೆನ್ನು ಕೆಳಗಿಟ್ಟ. "ನಂದೇ ಸಾರ್ ಕರವಸ್ತ್ರ," ಎಂದ, ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ.

"ನೂರಾ ಹತ್ತೊಂಬತ್ತು," ಎಂದರು ಷಡಕ್ಷರಪ್ಪನವರು.

"ಸಾರ್?"

"ಹದಿನೇಳೇಳ್ಲ. ಅಲ್ಲೇ ನಿಂತ್ಹೋಗಿತ್ತಲ್ಲ ನಿಮ್ದು." ಅವರು ಒಂದು ಬೋಂಡಾ ಮುರಿದರು. "ಆರು ಜಿಲ್ಲೇಲಿ ಈ ಪರೀಕ್ಷೆ ಮಾಡಿದೀನಿ ಕಣ್ರೀ. ಒಂದೊಂದ್ಸಲ ಸಾಲಿನ ಹೊರಗಿನವರ ಕರವಸ್ತ್ರಾನೇ ಕೊಡ್ತೀನಿ. ನಾಯಿಗಳು ಸಾಲು ಬಿಟ್ಟು ಈ ಕಡೆ ಬರ್ತಾವೆ. ಪೊಲೀಸ್ರು ಹಗ್ಗ ಹಿಡಿದು ವಾಪಸ್ ಎಳೀತಾರೆ. ಎಳೀದೇ ಇದ್ದೋರು ನೀವೇ ಮೊದ್ಲು. ಪಾಸು. ಇಬ್ರೂ."

ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಬಾಯ್ತುಂಬ ಬೋಂಡಾ ಇತ್ತು.

ಸುದೀಪ್ ದೂರದಿಂದಲೇ ಕೈಮುಗಿದ. "ಯೋಗೇಶಣ್ಣ, ನಂಗೆ ನಾಯಿ ಅಂದ್ರೇನೇ ಭಯ, ಅದಕ್ಕೆ ಬೆವರಿದ್ದು. ಇನ್ಮೇಲೆ ಈ ಸಾಲಿಗೆ ನನ್ನ ಕರೀಬೇಡಿ!"

ಸಂಜೆ ಶಿವಮೊಗ್ಗದ ಗೂಡಿನ ಬಾಗಿಲಲ್ಲಿ ದಿವ್ಯಶ್ರೀ ಕಾಯುತ್ತಿದ್ದಳು. ಸುದ್ದಿ ಕೇಳಿ ಕುಮುದಿಯ ಕಿವಿಯೆರಡನ್ನೂ ಹಿಡಿದು ಮುದ್ದಿಸಿದಳು. ಆಮೇಲೆ ಗಂಡನತ್ತ ತಿರುಗಿದಳು.

"ಭದ್ರಾವತಿಯಿಂದ ಏನಾದ್ರೂ ತಂದ್ರಾ?"

"ಏನೂ ಇಲ್ಲಪ್ಪ," ಎಂದ ಯೋಗೇಶ್. ಉಸಿರನ್ನು ಸಲೀಸಾಗಿ ಆಡಿಸುತ್ತ, ಮನಸ್ಸಿನಲ್ಲೇ ಹದಿನೇಳೊಂದ್ಲ ಹದಿನೇಳು ಎಂದು ಶುರುಮಾಡಿದ. ದಿವ್ಯಶ್ರೀ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಏನೂ ಸಿಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಗೆಲುವು!

ಆಗ ಕುಮುದ್ವತಿ ಎದ್ದಳು. ಅವನ ಪ್ಯಾಂಟಿನ ಬಲಜೇಬಿಗೆ, ಕಾಗದದಲ್ಲಿ ಸುತ್ತಿದ್ದ ಎರಡು ಜಹಾಂಗೀರಿಗೆ ನೇರವಾಗಿ ಮೂಗು ತಗುಲಿಸಿ, ನಿಯಮದ ಪ್ರಕಾರ ಅವನೆದುರು ಕುಳಿತಳು.