ಊಟ ತಲುಪಿಸುವವರ ಹೆಸರು

ಕೊರೊನಾ ಮತ್ತೆ ಬಂದರೆ ಏನು ಮಾಡಬೇಕು ಎಂದು ಗುಂಡ್ಲುಪೇಟೆಯಲ್ಲಿ ನಮ್ಮಂಥ ಆಶಾ ಕಾರ್ಯಕರ್ತೆಯರ ಮೀಟಿಂಗು ಕರೆದಿದ್ದರು. ಎಷ್ಟು ಹಾಸಿಗೆ, ಎಷ್ಟು ಸಿಲಿಂಡರು, ಯಾವ ಊರಿಗೆ ಯಾವ ಗಾಡಿ, ಎಲ್ಲವನ್ನೂ ತಾಲ್ಲೂಕು ಆರೋಗ್ಯಾಧಿಕಾರಿ ಗುರುಪಾದಸ್ವಾಮಿ ಸಾಹೇಬರು ಪರದೆಯ ಮೇಲೆ ತೋರಿಸಿದರು. ಕೊನೆಗೆ ಒಂದು ಫಾರಂ ಕೊಟ್ಟರು. ಊರಿನಲ್ಲಿ ಒಂಟಿಯಾಗಿರುವವರ ಪಟ್ಟಿ ಮಾಡಬೇಕು. ಅವರು ಕಾಯಿಲೆ ಬಿದ್ದು ಬಾಗಿಲು ಹಾಕಿಕೊಂಡರೆ ಊಟ ತಲುಪಿಸಲು ಒಪ್ಪಿದ ನೆರೆಯವರ ಹೆಸರು ಬರೆದು ಸಹಿ ಹಾಕಿಸಬೇಕು.

"ಒಂದು ಸಾಲನ್ನೂ ಖಾಲಿ ಬಿಡಬೇಡಿ ಮಂಗಳಗೌರಿ," ಎಂದರು. ಅಷ್ಟು ಜನರಲ್ಲಿ ನಾನೇ ಕಣ್ಣಿಗೆ ಬಿದ್ದೆ.

ಹಂಗಳದಲ್ಲಿ ನನ್ನ ಪಾಲಿನ ಬೀದಿಗಳಲ್ಲಿ ಅಂಥವರು ಹನ್ನೊಂದು ಜನ. ಒಂಬತ್ತು ಸಾಲು ಒಂದೇ ದಿನದಲ್ಲಿ ತುಂಬಿದವು. ಹತ್ತನೆಯವಳು ಪಕ್ಕದ ಮನೆಯ ಪುಟ್ಟಮಾದಮ್ಮ. ಹನ್ನೊಂದನೆಯವಳು ನಾನೇ. ನನ್ನ ಗಂಡ ಕೇರಳದ ಬತ್ತೇರಿಗೆ ಹೂವಿನ ಲಾರಿ ಓಡಿಸುತ್ತ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹೋಗಲಿ, ಪೀಡೆ ತೊಲಗಿತು. ಪುಟ್ಟಮಾದಮ್ಮ ಮಾತು ಬಿಟ್ಟದ್ದೇ ನನಗೆ ಹೆಚ್ಚು ನೋವು. ನಾಲ್ಕು ವರ್ಷವಾಯಿತು. ತಪ್ಪು ನನ್ನದೇ.

ಎರಡನೆಯ ಅಲೆಯಲ್ಲಿ ಅವಳ ಗಂಡ ನಂಜಯ್ಯನಿಗೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಗೆ ಕಳಿಸಲು ಅವಳು ಸುತರಾಂ ಒಪ್ಪಲಿಲ್ಲ. "ಎಲ್ಡೇ ದಿನ ಕಣಕ್ಕ, ಅಣ್ಣನ್ನ ನಾನೇ ಕರ್ಕಬತ್ತೀನಿ," ಎಂದು ಮಾತು ಕೊಟ್ಟು ಗಾಡಿ ಹತ್ತಿಸಿದೆ. ಹಿಂದುಮುಂದು ನೋಡದೆ ಹೇಳಿಬಿಟ್ಟಿದ್ದೆ. ಮೂರನೆಯ ದಿನ ಫೋನು ಬಂತು. ಅಷ್ಟರಲ್ಲಿ ಮಣ್ಣೂ ಮಾಡಿ ಆಗಿತ್ತು. ಅವಳಿಗೆ ಗಂಡನ ಮುಖ ನೋಡಲೂ ಸಿಗಲಿಲ್ಲ. ಹಾಲುತುಪ್ಪ ಬಿಡೋಣವೆಂದರೆ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ತನ್ನ ಹೊಲದ ಬದುವಿನಲ್ಲಿ ಬರಿಯ ನೆಲಕ್ಕೆ ಬಿಟ್ಟು ಬಂದಳು.

ಈಗ ಫಾರಂ ಹಿಡಿದು ನಾನು ಹೋದಾಗ ಚೆಂಡುಹೂವು ಕಿತ್ತು ಬಂದು ಜಗುಲಿಯ ಮೇಲೆ ಕೂತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ: ಹಾಸಿಗೆ, ಸಿಲಿಂಡರು, ಗಾಡಿ. ಕೊನೆಯವರೆಗೂ ಕೇಳಿದಳು.

"ಸತ್ತೋದ್ರೆ ಮಖ ತೋರುಸ್ತಾರಂತಾ? ಅದನ್ನೂ ಬರ್ದವ್ರಾ?"

ಬರೆದಿರಲಿಲ್ಲ. ಮೀಟಿಂಗಿನಲ್ಲಿ ನಾನೂ ಕೇಳಿರಲಿಲ್ಲ, ಮೂರು ಸಲ ಟೀ ಕುಡಿದು ಬಂದಿದ್ದೆ. ಹೂಂ ಎಂದುಬಿಡುವುದು ಸುಲಭವಾಗಿತ್ತು.

"ಇಲ್ಲ ಕಣಕ್ಕ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿನ್ ಸಾಲ್ಗೆ ಯಾರ್ ಎಸ್ರು ಬರ್ದಿದ್ದೀ?"

"ಯಾರೂ ಇಲ್ಲ."

"ತಾ ಇಲ್ಲಿ." ಪೆನ್ನು ಕಿತ್ತುಕೊಂಡು, ನಾನು ತೋರಿಸಿದ ಕಡೆ ನಿಧಾನವಾಗಿ ಸಹಿ ಹಾಕಿದಳು. "ಇಟ್ಟು ಸಾರು ತಂದು ಬಾಗ್ಲಲ್ಲಿ ಮಡುಗ್ತೀನಿ. ಅಸ್ಕಂಡು ಸಾಯಕ್ಕೆ ಬುಡಕಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ನಿಂಗೆ ನಾನು ತತ್ತೀನಿ ಅಕ್ಕ. ನನ್ನೆಸ್ರು ಬರ್ಕಳ್ಳಾ?"

"ಬ್ಯಾಡ. ನಂಗೆ ಜರ ಬಂದ್ರೆ ನಿಂಗೆ ಯೋಳಕಿಲ್ಲ ಕಣಮ್ಮಿ. ಒಳಗೇ ಮನಿಕತ್ತೀನಿ."

ಹೇಳಿ ಎದ್ದು ಒಳಗೆ ಹೋದಳು.

ಅವಳ ಸಾಲನ್ನು ಹಾಗೇ ಬಿಟ್ಟು ಫಾರಂ ಕೊಟ್ಟೆ. ಸಾಹೇಬರು ಬೈದರು, ಬೈಯಲಿ. ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಹೇಳುವುದಿಲ್ಲವಲ್ಲ, ಅದಕ್ಕೇ ಈಗ ದಿನಾ ಬೆಳಿಗ್ಗೆ ಗೋಡೆಗೆ ಕಿವಿಯಿಟ್ಟು ಅವಳು ಕೆಮ್ಮುತ್ತಾಳೇನೋ ಎಂದು ಕೇಳಿಸಿಕೊಳ್ಳುತ್ತೇನೆ.