ಹೊರಟ ಟ್ರಕ್ಕಿಗೆ ಕುಂಕುಮ

"ಇದು ನೀವೇ ತಾನೆ?" ಎಂದು ಕೇಳಿ ಎದುರು ಪಕ್ಷದ ವಕೀಲ ವಿಡಿಯೋ ನಿಲ್ಲಿಸಿದ.

ಪ್ರಶ್ನೆ ಸಾಕ್ಷಿಕಟ್ಟೆಯಲ್ಲಿದ್ದ ಪ್ರಭಾ ಆಂಟಿಗೆ. ಪರದೆಯ ಮೇಲೆ ಅವರೇ ಬಗ್ಗಿದ್ದರು. ರೇಷ್ಮೆ ಸೀರೆ, ಅದರ ಮೇಲೆ ಹೆರನ್ಸ್ ಸಾಕರ್ ತಂಡದ ನೀಲಿ ಜೆರ್ಸಿ. ತಂಡದ ಸಾಮಾನು ತುಂಬಿದ ಟ್ರಕ್ಕಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ಟ್ರಕ್ಕಿನ ಮೂತಿಗೆ ಆಗಲೇ ಕುಂಕುಮ ಹಚ್ಚಿಯಾಗಿತ್ತು.

ಸುಮೇಧಾ ಫೈಲಿನಲ್ಲಿ ಕಣ್ಣು ನೆಟ್ಟಳು. ಅವಳು ಊರಿನ ಪರ ವಕೀಲೆ. ಡಲ್ಲಾಸ್‌ನ ಉತ್ತರಕ್ಕಿರುವ ಆ ಊರು ಹೆರನ್ಸ್‌ಗೆಂದೇ ಸ್ಟೇಡಿಯಂ ಕಟ್ಟಿಸಿತ್ತು. ಇನ್ನೂ ಒಂಬತ್ತು ವರ್ಷ ಇಲ್ಲೇ ಆಡುತ್ತೇವೆಂದು ತಂಡ ಸಹಿ ಹಾಕಿತ್ತು. ಈಗ ಆಸ್ಟಿನ್‌ಗೆ ಹೊರಟಿತ್ತು. ಒಂದು ಟ್ರಕ್ಕು ಹೋಗಿಯಾಗಿದೆ. ಇವತ್ತು ತಡೆಯಾಜ್ಞೆ ಸಿಗದಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ಉಳಿದವೂ ಹೋಗುತ್ತವೆ.

ಈ ನಷ್ಟ ದುಡ್ಡಿನಿಂದ ತುಂಬುವಂಥದ್ದಲ್ಲ ಎಂದು ಪ್ರಮಾಣ ಮಾಡಿ ಹೇಳಲು ಒಬ್ಬರು ಬೇಕಿತ್ತು. ಹದಿನೆಂಟು ವರ್ಷ ಒಂದೂ ಮ್ಯಾಚ್ ತಪ್ಪಿಸದ, ಆಫ್‌ಸೈಡ್ ಎಂದರೇನೆಂದು ಇನ್ನೂ ತಿಳಿಯದ ಪ್ರಭಾ ಆಂಟಿಯನ್ನು ಅವಳೇ ಹುಡುಕಿದ್ದಳು.

ವಕೀಲನ ವಾದ ಸರಳವಾಗಿತ್ತು. ಊರಿನ ಸಾಕ್ಷಿಯೇ ತಂಡವನ್ನು ಹರಸಿ ಕಳಿಸಿದ್ದಾರೆ. ಒಪ್ಪಿಗೆಯಿಲ್ಲದೆ ಯಾರಾದರೂ ಹರಸುತ್ತಾರೆಯೆ?

ಹತ್ತು ನಿಮಿಷದ ಬಿಡುವು ಸಿಕ್ಕಿತು.

"ಅಲ್ಲಿಗ್ಯಾಕೆ ಹೋದ್ರಿ ಆಂಟಿ?" ಕಾರಿಡಾರಿನಲ್ಲಿ ಸುಮೇಧಾ ದನಿ ತಗ್ಗಿಸಿ ಕೇಳಿದಳು.

"ಟ್ರಕ್ ಹೊರಡತ್ತೆ ಅಂದ್ರು. ಹೋದೆ."

"ಹೋಗಬಾರದು ಅಂತ ತಾನೆ ನಾವು ಕೇಸ್ ಹಾಕಿರೋದು?"

"ಹೌದು. ಅದಕ್ಕೇ ಸಾಕ್ಷಿ ಕಾಗದಕ್ಕೆ ಸೈನ್ ಮಾಡಿಕೊಟ್ಟೆನಲ್ಲ." ಆಂಟಿ ಬ್ಯಾಗಿನಿಂದ ಡಬ್ಬಿ ತೆಗೆದು ಕೋಡುಬಳೆ ಮುಂದೆ ಹಿಡಿದರು. "ಆದ್ರೆ ಹೊರಟೇಬಿಟ್ಟಿತ್ತಲ್ಲಮ್ಮ. ಸುಮ್ಮನೆ ನೋಡ್ತಾ ನಿಂತ್ಕೊಳ್ಳೋದಾ? ದಾರೀಲಿ ಏನಾದ್ರೂ ಆದ್ರೆ? ನಿಮ್ಮನೇಲಿ ಹೇಗೆ ಕಳಿಸ್ತಾರೋ ನಂಗೊತ್ತಿಲ್ಲ."

ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಸುಮೇಧಾ ಎತ್ತಿಕೊಂಡ ಕೋಡುಬಳೆಯನ್ನು ಡಬ್ಬಿಗೇ ವಾಪಸಿಟ್ಟಳು.

ಎಂಟು ತಿಂಗಳ ಹಿಂದೆ ಅವಳು ಹ್ಯೂಸ್ಟನ್ನಿನ ಮನೆ ಬಿಟ್ಟು ಒಬ್ಬಳೇ ಡಲ್ಲಾಸ್ ಬಳಿಯ ಮೆಕಿನ್ನಿಗೆ ಹೊರಟಾಗ ಗಂಡ ಮನೀಷ್ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಪೆಟ್ಟಿಗೆಗಳೆಲ್ಲ ಲಿಫ್ಟಿನೊಳಗೆ ಹೋಗುವವರೆಗೆ ಅದರ ಬಾಗಿಲು ಹಿಡಿದು ನಿಂತಿದ್ದ. ಅದು ಸೌಜನ್ಯವೋ ಆತುರವೋ ಅವಳಿಗೆ ಇನ್ನೂ ತೀರ್ಮಾನವಾಗಿಲ್ಲ.

ಮತ್ತೆ ಒಳಗೆ ಹೋದಾಗ ನ್ಯಾಯಾಧೀಶೆ ಕನ್ನಡಕ ತೆಗೆದು ಸುಮೇಧಾಳನ್ನೇ ನೋಡಿದರು. ನೀವೂ ಅದೇ ಜನ, ನಿಮ್ಮನ್ನೇ ಕೇಳುತ್ತೇನೆ ಎಂದರು. ಈ ಪೂಜೆಯ ಅರ್ಥ ಹೋಗು ಎಂದೋ, ಇರು ಎಂದೋ?

ಉತ್ತರ ಸಿದ್ಧವಿತ್ತು. ಇದು ಒಪ್ಪಿಗೆಯಲ್ಲ; ದಾರಿಯಲ್ಲಿ ಅಪಘಾತವಾಗದಿರಲಿ ಎಂಬ ಹಾರೈಕೆ, ಅಷ್ಟೆ. ಅದು ನಿಜವೂ ಆಗಿತ್ತು. ಹಿಂದಿನ ಬೆಂಚಿನಿಂದ ಪ್ರಭಾ ಆಂಟಿ, ಹೇಳಮ್ಮ ಎನ್ನುವಂತೆ ತಲೆ ಅಲ್ಲಾಡಿಸುತ್ತಿದ್ದರು.

ಲಿಫ್ಟಿನ ಬಾಗಿಲು ಹಿಡಿದ ಮನೀಷನ ಕೈ ಕಣ್ಣ ಮುಂದೆ ಬಂತು. ಆ ಕೈಯ ಬಗ್ಗೆ ತಾನು ಯಾವ ಕೋರ್ಟಿನಲ್ಲಿ ಏನೆಂದು ಪ್ರಮಾಣ ಮಾಡಬಲ್ಲೆ?

"ಗೊತ್ತಿಲ್ಲ," ಎಂದಳು.

ಎದುರಿನ ವಕೀಲ ತಲೆಯೆತ್ತಿದ. ಗೆಲುವು ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನೂ ಎಣಿಸಿರಲಿಲ್ಲ. ನ್ಯಾಯಾಧೀಶೆ ಏನೋ ಬರೆದುಕೊಂಡರು. ಆದೇಶ ನಾಳೆ ಹತ್ತಕ್ಕೆ. ಅಲ್ಲಿಯವರೆಗೆ ಯಾವ ತಡೆಯೂ ಇಲ್ಲ.

ಆಂಟಿಯನ್ನು ಮನೆಗೆ ಬಿಡುವ ದಾರಿ ಸ್ಟೇಡಿಯಂ ಪಕ್ಕದಲ್ಲೇ ಹಾಯುತ್ತಿತ್ತು.

"ನಿಂಗೆ ಗೊತ್ತಿತ್ತು," ಎಂದರು ಆಂಟಿ, ಕಿಟಕಿಯ ಕಡೆ ಮುಖ ಮಾಡಿ.

ಸಿಗ್ನಲ್ ಕೆಂಪಾಯಿತು. ತೆರೆದ ಗೇಟಿನಾಚೆ ಇಡೀ ಮೈದಾನ ಕಾಣುತ್ತಿತ್ತು. ಯಾರೂ ಕೆಲಸ ನಿಲ್ಲಿಸೆಂದು ಹೇಳಿರಲಿಲ್ಲವೇನೋ, ಒಬ್ಬ ಆಳು ಗೆರೆ ಹಾಕುವ ಬಣ್ಣದ ಗಾಡಿ ತಳ್ಳುತ್ತ ಹುಲ್ಲಿನ ಮೇಲೆ ನಡುವೃತ್ತ ಎಳೆಯುತ್ತಿದ್ದ. ಗೆರೆಯ ಒಳಬದಿಯಲ್ಲೇ ನಡೆಯುತ್ತ, ತಪ್ಪಿಲ್ಲದೆ, ಪೂರ್ತಿ ಸುತ್ತು ಮುಗಿಸಿದ. ಆಮೇಲೆ ನೋಡಿಕೊಂಡ: ಒಳಗಿದ್ದ. ಹಸಿ ಗೆರೆ ತುಳಿಯಲಾರದೆ, ಹಿಡಿಕೆಯ ಮೇಲೆ ಕೈಯಿಟ್ಟು, ಆ ಬಿಳಿ ಗೆರೆಯೊಳಗೆ, ಅದು ಒಣಗುವುದನ್ನು ಕಾಯುತ್ತ ನಿಂತ.